ಪತ್ರಕರ್ತರು ಹಗರಣ ಬಯಲಿಗೆ ತರೋ ಸಿನಿಮಾಗಳು: ಯಾವುದನ್ನ ಯಾರು ನೋಡ್ಬೇಕು

ಬೇಲೇಕೇರಿ ಅಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವ್ರಿಗೆ ಬಿಡಿಸಿ ಹೇಳೋದು ಬೇಡ. 2010ರಲ್ಲಿ ಅರಣ್ಯ ಇಲಾಖೆ ಸೀಜ್ ಮಾಡಿ ಬಂದರಿನಲ್ಲೇ ಇಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೋಯ್ತು, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ರು. ಅಂಕೋಲೆಯ ಒಂದು ಸಣ್ಣ ಬಂದರಿನ ಹೆಸರು ಇಡೀ ದೇಶದ ಪೇಪರ್‌ಗಳಲ್ಲಿ ಬಂದಿದ್ದನ್ನ ನೋಡಿದ ಜನ ನಾವು, ಹಾಗಾಗಿ ರಿಪೋರ್ಟರ್‌ಗಳು ಭ್ರಷ್ಟಾಚಾರ ಬಯಲು ಮಾಡೋ ಸಿನಿಮಾ ಯಾವುದು ಚೆನ್ನಾಗಿದೆ ಅಂತ ಕಾರವಾರದಲ್ಲೋ ಶಿರಸಿಯಲ್ಲೋ ಯಾರಾದ್ರೂ ಕೇಳಿದ್ರೆ ನನಗೆ ಅದು ಬರೀ ಟೈಂಪಾಸ್ ಪ್ರಶ್ನೆ ಅನ್ಸಲ್ಲ.

ಈ ಜಾತಿಯ ಸಿನಿಮಾ ಬೇಕಾದಷ್ಟಿವೆ, ಎಲ್ಲದ್ರಲ್ಲೂ ಒಬ್ಬ ಹಠಮಾರಿ ರಿಪೋರ್ಟರ್, ಒಬ್ಬ ಹೆದರೋ ಮೂಲ, ಬೆದರಿಕೆ ಫೋನ್, ಕೊನೆಗೆ ಪ್ರಿಂಟಿಂಗ್ ಮೆಷಿನ್ ಓಡೋ ದೃಶ್ಯ ಇದ್ದೇ ಇರುತ್ತೆ. ಅದಕ್ಕೆ ನಾನು ಅಳೆಯೋದು ಒಂದೇ ವಿಷ್ಯದಲ್ಲಿ. ರಿಪೋರ್ಟರ್‌ಗೆ ಅನುಮಾನ ಬಂದಿದ್ದು ಸುದ್ದಿಯಾಗಿ ಅಚ್ಚಾಗೋವರೆಗೆ ನಡುವೆ ಆದದ್ದೆಂತ, ದಾಖಲೆ ಎಲ್ಲಿಂದ ಬಂತು, ಎರಡನೇ ಮನುಷ್ಯ ಅದನ್ನ ಹೌದು ಅಂದ್ನಾ, ಇದನ್ನ ಸಿನಿಮಾ ತೋರಿಸುತ್ತಾ ಇಲ್ವಾ? ಹೀರೋ ಕೈಗೆ ಒಂದು ಪೆನ್‌ಡ್ರೈವ್ ಆಕಾಶದಿಂದ ಬಿದ್ದು, ಲೈವ್ ಟಿವಿಯಲ್ಲಿ ಮಂತ್ರಿ ಮುಖ ಕಪ್ಪಾಗೋದನ್ನ ನೋಡೋಕೆ ಖುಷಿ ಆಗ್ಬಹುದು, ಆದ್ರೆ ಅದ್ರಿಂದ ಎಂತದೂ ಗೊತ್ತಾಗಲ್ಲ. ಬೇಲೇಕೇರಿ ವಿಷ್ಯ ಹೊರಗೆ ಬಂದಿದ್ದೂ ಪರ್ಮಿಟ್, ಲಾರಿ, ಹಡಗಿನ ಲೆಕ್ಕ ಒಂದಕ್ಕೊಂದು ತಾಳೆ ನೋಡಿದ್ದಕ್ಕೇ ಹೊರತು ಯಾರೋ ಭಾಷಣ ಮಾಡಿದ್ದಕ್ಕಲ್ಲ.

ಮನೆಮಂದಿ ಎಲ್ಲ ಕೂತು ನೋಡೋದಾದ್ರೆ ಮೊದಲು ನಮ್ಮವರದ್ದೇ ಹೇಳ್ತೇನೆ. ಶಂಕರ್‌ನಾಗ್ ಡೈರೆಕ್ಟ್ ಮಾಡಿದ ‘ಆಕ್ಸಿಡೆಂಟ್’, 1985ರದ್ದು. ಶಂಕರ್ ಹುಟ್ಟಿದ್ದು ನಮ್ಮ ಹೊನ್ನಾವರ ತಾಲೂಕಿನ ಮಲ್ಲಾಪುರದಲ್ಲಿ ಅನ್ನೋ ಅಭಿಮಾನಕ್ಕೆ ಮಾತ್ರ ಈ ಹೆಸರು ಮೇಲೆ ಇಟ್ಟಿದ್ದಲ್ಲ. ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಜನರ ಮೇಲೆ ದೊಡ್ಡ ರಾಜಕಾರಣಿಯ ಮಗ ನಶೆಯಲ್ಲಿ ಕಾರು ಹತ್ತಿಸ್ತಾನೆ, ಅಪ್ಪನಿಗೆ ಎಲೆಕ್ಷನ್ ಎದುರಿಗಿದೆ, ಬದುಕಿ ಉಳಿದವ ಒಬ್ಬನೇ, ಆ ಒಬ್ಬನನ್ನ ಹುಡುಕೋ ಪತ್ರಕರ್ತನಾಗಿ ಶಂಕರ್, ರಾಜಕಾರಣಿ ಧರ್ಮಾಧಿಕಾರಿಯಾಗಿ ಅನಂತ್‌ನಾಗ್, ಬದುಕುಳಿದವನಾಗಿ ರಮೇಶ್ ಭಟ್. ಅನಂತ್‌ನಾಗ್ ಇಲ್ಲಿ ಕಿರುಚಲ್ಲ, ಕಣ್ಣು ಕೆಂಪು ಮಾಡಲ್ಲ, ಫೋನಲ್ಲಿ ತಣ್ಣಗೆ ಮಾತಾಡ್ತಾ ಒಂದೊಂದೇ ಕೆಲಸ ಮುಗಿಸ್ತಾ ಹೋಗ್ತಾರೆ, ಅಧಿಕಾರ ಅಂದ್ರೆ ಅದೇ ಅಲ್ವಾ. ಹಿನ್ನೆಲೆ ಸಂಗೀತ ಇಳಯರಾಜ ಅವರದ್ದು. ಸಾಮಾಜಿಕ ಸಮಸ್ಯೆಯ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿನೂ ಬಂತು. ಕಡಿಮೆ ಅಂದ್ರೆ, ಪತ್ರಿಕೆ ಆಫೀಸಿನ ಒಳಗಿನ ಕೆಲಸ ಜಾಸ್ತಿ ಕಾಣಲ್ಲ, ಪತ್ರಕರ್ತ ಇಲ್ಲಿ ಬಹುಪಾಲು ಒಂಟಿ. ಆದ್ರೂ ಇಷ್ಟು ವರ್ಷ ಆದ್ಮೇಲೂ ಪೇಪರ್‌ನಲ್ಲಿ ಯಾರದ್ದೋ ಮಗನ ಕಾರಿನ ಸುದ್ದಿ ಬಂದಾಗೆಲ್ಲ ಈ ಸಿನಿಮಾ ನೆನಪಾಗುತ್ತೆ, ಕನ್ನಡದಲ್ಲಿ ಇದಕ್ಕೆ ಸಮನಾಗಿ ನಿಲ್ಲೋದು ಇನ್ನೊಂದು ನನಗಂತೂ ಕಂಡಿಲ್ಲ.

ಈಗ ಇಂಗ್ಲಿಷಿನ ಮೂರು. ಎಲ್ರೂ ಇವುಗಳನ್ನೇ ಹೋಲಿಸೋದು: ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’, ‘ಸ್ಪಾಟ್‌ಲೈಟ್’, ‘ದ ಪೋಸ್ಟ್’. ಮೂರೂ ನಿಜ ಘಟನೆ, ಮೂರರಲ್ಲೂ ನಿಜ ಪತ್ರಿಕೆಗಳು, ಆದ್ರೆ ಮೂರೂ ಬೇರೆ ಬೇರೆ ಪ್ರಶ್ನೆ ಕೇಳ್ತವೆ, ಅದನ್ನ ತಿಳ್ಕೊಂಡ್ರೆ ಆರಿಸೋದು ಸುಲಭ.

‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ 1976ರದ್ದು, ಅಲನ್ ಪಕುಲಾ ನಿರ್ದೇಶನ, ರಾಬರ್ಟ್ ರೆಡ್‌ಫೋರ್ಡ್ ಮತ್ತೆ ಡಸ್ಟಿನ್ ಹಾಫ್‌ಮನ್. 1972ರ ಜೂನ್ 17ಕ್ಕೆ ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ ವಿರೋಧ ಪಕ್ಷದ ಆಫೀಸಿಗೆ ನುಗ್ಗಿದ ಐದು ಜನ ಸಿಕ್ಕಿಬೀಳ್ತಾರೆ, ನೋಡೋಕೆ ಸಣ್ಣ ಕಳ್ಳತನದ ಕೇಸು, ಲೋಕಲ್ ಪುಟಕ್ಕೆ ಹೋಗೋ ಸುದ್ದಿ, ವಾಷಿಂಗ್ಟನ್ ಪೋಸ್ಟ್‌ನ ಇಬ್ಬರು ಹುಡುಗರು ವುಡ್‌ವರ್ಡ್ ಮತ್ತೆ ಬರ್ನ್‌ಸ್ಟೀನ್ ಅದರ ಎಳೆ ಹಿಡಿದು ಹೋಗಿ ಹೋಗಿ ಅಧ್ಯಕ್ಷ ನಿಕ್ಸನ್ ಬಾಗಿಲಿಗೇ ಬರ್ತಾರೆ. ಈ ಸಿನಿಮಾದಲ್ಲಿ ಒಂದು ಗುಂಡು ಹಾರಲ್ಲ, ಒಂದು ಚೇಸ್ ಇಲ್ಲ, ಆದ್ರೂ ಉಸಿರು ಬಿಗಿ ಹಿಡಿದು ನೋಡೋ ಹಾಗೆ ಮಾಡುತ್ತೆ. ವುಡ್‌ವರ್ಡ್ 25,000 ಡಾಲರ್ ಚೆಕ್ಕಿನ ಬಗ್ಗೆ ಫೋನ್ ಮಾಡೋ ದೃಶ್ಯ ಇದೆ, ಕಟ್ಟೇ ಇಲ್ಲದೆ ನಿಮಿಷಗಟ್ಟಲೆ ನಡೆಯುತ್ತೆ, ಕ್ಯಾಮೆರಾ ನಮಗೇ ಗೊತ್ತಾಗದ ಹಾಗೆ ಅವನ ಮುಖದ ಹತ್ತಿರ ಹೋಗ್ತಾ ಇರುತ್ತೆ, ಆ ಕಡೆ ಫೋನಿನಲ್ಲಿರೋ ಮನುಷ್ಯ ಒಂದು ಮಾತು ಜಾಸ್ತಿ ಆಡಿಬಿಡ್ತಾನೆ, ಅಷ್ಟೇ, ಹಗರಣದ ಬಾಗಿಲು ತೆರೀತು. ಲೈಬ್ರರಿಯಲ್ಲಿ ರಾಶಿ ಚೀಟಿ ಹುಡುಕೋ ದೃಶ್ಯನೂ ಹಾಗೇ, ಕ್ಯಾಮೆರಾ ಮೇಲೆ ಮೇಲೆ ಹೋಗಿ ಇಬ್ಬರೂ ಇರುವೆ ಗಾತ್ರ ಆಗ್ತಾರೆ, ಚೀಟಿ ತಿರುವೋದು ಮಾತ್ರ ನಿಲ್ಲಲ್ಲ.

ಇದಕ್ಕೆ ನಾನು ಹೆಚ್ಚು ಅಂಕ ಕೊಡೋದು ಎಂತಕ್ಕೆ ಅಂದ್ರೆ ರಿಪೋರ್ಟರ್‌ಗಳು ಎಡವೋದನ್ನೂ ಇದು ಮುಚ್ಚಿಡಲ್ಲ. ಒಂದು ದೊಡ್ಡ ಹೆಸರನ್ನ ಅರೆಬರೆ ಖಾತ್ರಿ ಮಾಡ್ಕೊಂಡು ಬರೀತಾರೆ, ಸಾಕ್ಷಿದಾರ ಅದನ್ನ ಗ್ರ್ಯಾಂಡ್ ಜ್ಯೂರಿ (ಕೇಸು ಹಾಕ್ಬೇಕಾ ಬೇಡ್ವಾ ಅಂತ ಸಾಕ್ಷಿ ಕೇಳಿ ತೀರ್ಮಾನಿಸೋ ಜನರ ಮಂಡಳಿ) ಎದುರು ಹೇಳೇ ಇರಲಿಲ್ಲ ಅಂತ ಆಮೇಲೆ ಗೊತ್ತಾಗುತ್ತೆ, ಇಡೀ ಪತ್ರಿಕೆ ಅಲ್ಲಾಡುತ್ತೆ. ಎಡಿಟರ್ ಬೆನ್ ಬ್ರಾಡ್ಲೀ ಆಗಿ ಜೇಸನ್ ರೋಬಾರ್ಡ್ಸ್ ಮಾಡಿದ ಪಾತ್ರಕ್ಕೆ ಆಸ್ಕರ್ ಬಂತು, ನ್ಯಾಯವಾಗೇ ಬಂತು, ಅವರು ರಿಪೋರ್ಟರ್ ಬೆನ್ನು ತಟ್ಟೋದಕ್ಕಿಂತ ಕಾಪಿಯಲ್ಲಿ ಗೀಟು ಹಾಕಿ ಇನ್ನೂ ಸಾಲದು ಅಂತ ವಾಪಸ್ ಕಳಿಸೋದೇ ಜಾಸ್ತಿ. ಕೊನೇ ದೃಶ್ಯದಲ್ಲಿ ಟಿವಿಯಲ್ಲಿ ನಿಕ್ಸನ್ ಪ್ರಮಾಣವಚನ ತಗೊಳ್ತಾ ಇದ್ದಾರೆ, ಹಿಂದೆ ಇವರಿಬ್ಬರು ಟೈಪ್ ಮಾಡ್ತಾನೇ ಇದ್ದಾರೆ. ನಿಕ್ಸನ್ ಇಳಿದಿದ್ದು 1974ರ ಆಗಸ್ಟ್‌ನಲ್ಲಿ, ಅಂದ್ರೆ ಮೊದಲ ಸುದ್ದಿಯಿಂದ ಎರಡು ವರ್ಷದ ಮೇಲೆ. ಕತ್ತಲೆ ಪಾರ್ಕಿಂಗ್‌ನಲ್ಲಿ ನಿಂತು ಸುಳಿವು ಕೊಡ್ತಿದ್ದ ಆ ಮನುಷ್ಯ ಎಫ್‌ಬಿಐನ ಮಾರ್ಕ್ ಫೆಲ್ಟ್ ಅಂತ ಜಗತ್ತಿಗೆ ಗೊತ್ತಾಗಿದ್ದಂತೂ 2005ರಲ್ಲಿ! ಅಷ್ಟು ವರ್ಷ ಮೂಲದ ಹೆಸರು ಕಾಪಾಡಿದ್ರು ನೋಡಿ.

ಕಷ್ಟ ಏನಂದ್ರೆ ಹೆಸರುಗಳು. ಸುಮಾರು ಎರಡೂಕಾಲು ಗಂಟೆಯ ಸಿನಿಮಾದಲ್ಲಿ ಹೆಸರುಗಳು ಮಳೆ ಸುರಿದ ಹಾಗೆ ಬರ್ತವೆ, ವಾಟರ್‌ಗೇಟ್ ಗೊತ್ತಿಲ್ಲದವ್ರಿಗೆ ಅರ್ಧದಲ್ಲಿ ತಲೆ ಕೆಡುತ್ತೆ, ಸಬ್‌ಟೈಟಲ್ ಇಲ್ಲದೆ ನೋಡ್ಲೇಬೇಡಿ. ಒಬ್ಬರೇ ಕೂತು ನೋಡೋದಕ್ಕೆ ಸರಿ, ಮನೆ ತುಂಬ ಜನ ಇದ್ದಾಗ ಬೇಡ.

‘ಸ್ಪಾಟ್‌ಲೈಟ್’ ಇದಕ್ಕಿಂತ ಸಲೀಸು. 2015ರದ್ದು, ಟಾಮ್ ಮೆಕಾರ್ತಿ ನಿರ್ದೇಶನ, ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಇದಕ್ಕೇ. ಬಾಸ್ಟನ್ ಗ್ಲೋಬ್ ಪತ್ರಿಕೆಯ ನಾಲ್ಕು ಜನರ ಟೀಮು, ಪಾದ್ರಿಗಳು ಮಕ್ಕಳ ಮೇಲೆ ಮಾಡಿದ ದೌರ್ಜನ್ಯವನ್ನ ಚರ್ಚಿನ ದೊಡ್ಡವರು ವರ್ಷಗಟ್ಟಲೆ ಹೇಗೆ ಮುಚ್ಚಿಟ್ರು ಅನ್ನೋದನ್ನ ತೆಗೀತಾರೆ, ಸುದ್ದಿ ಅಚ್ಚಾಗಿದ್ದು 2002ರ ಜನವರಿಯಲ್ಲಿ, ಮರುವರ್ಷ ಅಮೆರಿಕದ ಪತ್ರಕರ್ತರ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಇದು ರಾಜಕೀಯ ಸಿನಿಮಾ ಅಲ್ಲ ಅಂತ ಕೆಲವರು ಪಕ್ಕಕ್ಕಿಡ್ತಾರೆ, ನಾನು ಒಪ್ಪಲ್ಲ, ಊರಿನ ಕೋರ್ಟು ವಕೀಲರು ಪೊಲೀಸರು ಪತ್ರಿಕೆ ಎಲ್ಲ ಸೇರಿ ಒಂದು ದೊಡ್ಡ ಸಂಸ್ಥೆಗೆ ಮುಜುಗರ ಆಗದ ಹಾಗೆ ನೋಡ್ಕೊಳ್ಳೋದು ರಾಜಕೀಯ ಅಲ್ಲದೆ ಇನ್ನೆಂತದು. ಇವರಿಗೆ ಒಂದು ದೊಡ್ಡ ಸುಳಿವು ಸಿಗೋದು ಯಾವ ಗುಪ್ತ ಫೈಲಿನಲ್ಲೂ ಅಲ್ಲ, ಚರ್ಚಿನವರೇ ವರ್ಷವರ್ಷ ಅಚ್ಚು ಹಾಕಿಸೋ ಡೈರೆಕ್ಟರಿಯಲ್ಲಿ. ಯಾವ ಪಾದ್ರಿ ಪದೇಪದೇ ವರ್ಗ ಆಗಿದಾನೆ, ಯಾರ ಹೆಸರ ಎದುರು ‘ಅನಾರೋಗ್ಯ ರಜೆ’ ಅಂತಿದೆ, ಸಾಲು ಸಾಲು ಸ್ಕೇಲ್ ಇಟ್ಟು ಓದಿ ಕಂಪ್ಯೂಟರಿಗೆ ಹಾಕ್ತಾರೆ, ಎಲ್ರ ಕಣ್ಣೆದುರಿಗೆ ಇದ್ದ ಪುಸ್ತಕದಲ್ಲೇ ಅಪರಾಧದ ನಕ್ಷೆ ಇತ್ತು.

ನನ್ನ ಅಕ್ಕನ ಮಗಳು ಜರ್ನಲಿಸಂ ಓದ್ತಾಳೆ, “ಮಾವ, ಹತ್ತು ಹೆಸ್ರು ಹೇಳ್ಬೇಡ, ಒಂದೇ ಹೇಳು” ಅಂದಾಗ ನಾನು ಹೇಳಿದ್ದು ಇದನ್ನೇ. ಕೆಲಸ ಕಲಿಯೋರಿಗೆ ಇದೇ ಸರಿ, ಎಂತಕ್ಕೆ ಅಂದ್ರೆ ಇಲ್ಲಿ ನಾಲ್ಕೂ ಜನ ಬಾಗಿಲು ತಟ್ಟೋದು, ಬೈಸ್ಕೊಳ್ಳೋದು, ಮತ್ತೆ ಹೋಗೋದು, ಸಂತ್ರಸ್ತರ ಹತ್ರ ಎಷ್ಟು ಮೆತ್ತಗೆ ಕೇಳ್ಬೇಕು ಅನ್ನೋದು ಎಲ್ಲ ಕಾಣುತ್ತೆ. ಮತ್ತೆ ಆ ಪತ್ರಿಕೆಗೇ ವರ್ಷಗಳ ಹಿಂದೆ ಮಾಹಿತಿ ಬಂದಿತ್ತು, ಒಳಪುಟದಲ್ಲಿ ಸಣ್ಣದಾಗಿ ಹಾಕಿ ಮರೆತಿದ್ರು ಅನ್ನೋದು ಗೊತ್ತಾಗೋ ಗಳಿಗೆ ಇದೆಯಲ್ಲ, ಅದನ್ನ ಪ್ರತಿ ನ್ಯೂಸ್‌ರೂಮಿನವರೂ ನೋಡ್ಬೇಕು. ಹಿಂಸೆಯನ್ನ ಕಣ್ಣಿಗೆ ತೋರಿಸಲ್ಲ, ಆದ್ರೆ ಮಾತಿನಲ್ಲಿ ಬರೋ ವಿವರವೇ ಭಾರ, ಸಣ್ಣ ಮಕ್ಕಳ ಜೊತೆ ಬೇಡ.

‘ದ ಪೋಸ್ಟ್’, 2017, ಸ್ಪೀಲ್‌ಬರ್ಗ್, ಮೆರಿಲ್ ಸ್ಟ್ರೀಪ್, ಟಾಮ್ ಹ್ಯಾಂಕ್ಸ್. ಮೂರರಲ್ಲಿ ಸುಲಭವಾಗಿ ನೋಡಿಸ್ಕೊಂಡು ಹೋಗೋದು ಇದು, ಮೂರರಲ್ಲಿ ನನಗೆ ಕಡಿಮೆ ಇಷ್ಟ ಆಗಿದ್ದೂ ಇದೇ. ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರ ಜನರಿಗೆ ಸುಳ್ಳು ಹೇಳಿದ್ದನ್ನ ತೋರಿಸೋ ಪೆಂಟಗನ್ ಪೇಪರ್ಸ್ ಕತೆ, ಸುಮಾರು 7,000 ಪುಟದ ದಾಖಲೆ. ನಿಜ ಹೇಳ್ಬೇಕಂದ್ರೆ 1971ರ ಜೂನ್ 13ಕ್ಕೆ ಮೊದಲು ಅಚ್ಚು ಮಾಡಿದ್ದು ನ್ಯೂಯಾರ್ಕ್ ಟೈಮ್ಸ್, ದಾಖಲೆ ಓದಿ ಒರೆಗೆ ಹಚ್ಚಿದ ದೊಡ್ಡ ಕೆಲಸ ಅವರದ್ದು, ಸಿನಿಮಾ ನಿಲ್ಲೋದು ಎರಡನೆಯದಾಗಿ ಬಂದ ವಾಷಿಂಗ್ಟನ್ ಪೋಸ್ಟ್ ಮೇಲೆ. ಹಾಗಾಗಿ ಇಲ್ಲಿ ಹುಡುಕಾಟ ಕಡಿಮೆ. ಇಲ್ಲಿರೋದು ಬೇರೆ ಪ್ರಶ್ನೆ, ಸುದ್ದಿ ಕೈಯಲ್ಲಿದೆ, ಕಂಪನಿ ಅದೇ ಹೊತ್ತಿಗೆ ಶೇರು ಮಾರ್ಕೆಟ್ಟಿಗೆ ಹೋಗ್ತಾ ಇದೆ, ಕೋರ್ಟು ಟೈಮ್ಸ್ ಪತ್ರಿಕೆಗೆ ತಡೆ ಹಾಕಿದೆ, ಮಾಲಕಿ ಕ್ಯಾಥರಿನ್ ಗ್ರಹಾಂ ಅಚ್ಚು ಹಾಕಿ ಅಂತಾರಾ ಬೇಡ ಅಂತಾರಾ? ಪತ್ರಿಕೆ ನಡೆಸೋದು ಎಷ್ಟು ಕಷ್ಟ ಅಂತ ಗೊತ್ತಿರೋರಿಗೆ, ಲೋಕಧ್ವನಿ, ಕರಾವಳಿ ಮುಂಜಾವು ತರದ ಜಿಲ್ಲಾ ಪತ್ರಿಕೆ ಓದ್ತಾ ಬೆಳೆದೋರಿಗೆ, ಜಾಹೀರಾತಿನ ಲೆಕ್ಕ ಗೊತ್ತಿರೋರಿಗೆ ಇದು ನೇರ ತಾಗುತ್ತೆ. ಮೊಳೆ ಜೋಡಿಸಿ ಅಚ್ಚು ಹಾಕೋ ಕಾಲದ ಪ್ರೆಸ್ಸನ್ನ ಸ್ಪೀಲ್‌ಬರ್ಗ್ ಎಷ್ಟು ಪ್ರೀತಿಯಿಂದ ತೋರಿಸಿದಾರೆ ಅಂದ್ರೆ, ಹಳೇ ಪ್ರೆಸ್ಸಿನಲ್ಲಿ ಕೆಲಸ ಮಾಡಿದವ್ರು ಮನೆಯಲ್ಲಿದ್ರೆ ಕರ್ಕೊಂಡು ಬಂದು ಕೂರಿಸಿ. ಸುಪ್ರೀಂ ಕೋರ್ಟು ಜೂನ್ 30ಕ್ಕೆ 6-3ರಲ್ಲಿ ಪತ್ರಿಕೆಗಳ ಪರ ತೀರ್ಪು ಕೊಡ್ತು.

ಹಿಂದಿಯಲ್ಲಿ ಬೇಕು ಅನ್ನೋರಿಗೆ ‘ನ್ಯೂ ಡೆಲ್ಲಿ ಟೈಮ್ಸ್’, 1986. ರಮೇಶ್ ಶರ್ಮಾ ನಿರ್ದೇಶನ, ಗುಲ್ಜಾರ್ ಬರವಣಿಗೆ, ಎಡಿಟರ್ ವಿಕಾಸ್ ಪಾಂಡೆಯಾಗಿ ಶಶಿ ಕಪೂರ್, ರಾಷ್ಟ್ರಪ್ರಶಸ್ತಿ ಸಿಕ್ಕ ಪಾತ್ರ. ಒಬ್ಬ ಎಮ್ಮೆಲ್ಲೆ ಕೊಲೆ ಹಿಂದೆ ಯಾರಿದಾರೆ ಅಂತ ಹುಡುಕ್ತಾ ಹೋಗ್ತಾರೆ. ಕೊನೆ ಹೇಳಲ್ಲ, ಆದ್ರೆ ಇಷ್ಟು ಹೇಳ್ತೇನೆ: ಸುಳಿವು ಕೊಡೋನು ಯಾವ ಲಾಭಕ್ಕೆ ಕೊಡ್ತಾನೆ ಅನ್ನೋ ಪ್ರಶ್ನೆಯನ್ನ ಇಷ್ಟು ನಿಷ್ಠುರವಾಗಿ ಕೇಳಿದ ಸಿನಿಮಾ ಇನ್ನೊಂದಿಲ್ಲ. ವಾಟರ್‌ಗೇಟ್ ಸಿನಿಮಾದಲ್ಲಿ ಪಾರ್ಕಿಂಗ್‌ನ ಆ ಮನುಷ್ಯ ದೇವರ ತರ ಬಂದು ದಾರಿ ತೋರಿಸಿ ಹೋಗ್ತಾನೆ, ಅವನಿಗೆ ಎಫ್‌ಬಿಐ ಮುಖ್ಯಸ್ಥನ ಹುದ್ದೆ ತಪ್ಪಿತ್ತು ಅನ್ನೋದು ಆ ಸಿನಿಮಾದಲ್ಲಿ ಬರೋದೇ ಇಲ್ಲ. ಇಲ್ಲಿ ಹಾಗಲ್ಲ. ಇಬ್ಬರು ರಾಜಕಾರಣಿಗಳ ಜಗಳದಲ್ಲಿ ಪತ್ರಕರ್ತ ಯಾರ ಆಯುಧ ಆದ ಅನ್ನೋದು ನಮ್ಮ ಎಲೆಕ್ಷನ್ ಟೈಮಿನ ‘ಸ್ಫೋಟಕ’ ಸುದ್ದಿಗಳನ್ನ ಓದೋವಾಗ ಕೇಳ್ಕೋಬೇಕಾದ್ದೇ. ಸುಬ್ರತ ಮಿತ್ರ ಅವರ ಛಾಯಾಗ್ರಹಣ ಬೇರೆ. ಒಳ್ಳೇ ಪ್ರಿಂಟ್ ಸಿಗೋದು ಕಷ್ಟ, ಸಿಕ್ಕಿದ್ರೆ ಬಿಡ್ಬೇಡಿ.

ಹುಡುಗರ ಗುಂಪು ಇದೆ, ಹಾಡು ಫೈಟು ಎಲ್ಲ ಇರ್ಲಿ ಅಂದ್ರೆ ತಮಿಳಿನ ‘ಕೋ’, 2011, ಜೀವಾ ಪ್ರೆಸ್ ಫೋಟೋಗ್ರಾಫರ್. ನಿರ್ದೇಶಕ ಕೆ.ವಿ. ಆನಂದ್ ತಾವೇ ಮೊದಲು ಪ್ರೆಸ್ ಫೋಟೋಗ್ರಾಫರ್ ಆಗಿದ್ದವ್ರು, ಹಾಗಾಗಿ ಕ್ಯಾಮೆರಾ ಹಿಡಿಯೋ ಕೈ ಸುಳ್ಳು ಅನ್ಸಲ್ಲ. ನನ್ನ ಅಳತೆಗೆ ಸೋಲುತ್ತೆ, ಎಲ್ಲ ಸಾಕ್ಷಿನೂ ಹೀರೋಗೆ ಸರಿಯಾದ ಟೈಮಿಗೆ ಸಿಕ್ಕಿಬಿಡುತ್ತೆ, ಆದ್ರೆ ಕೊನೆಯ ತಿರುವು ಗಟ್ಟಿ. ‘ಜಾನೇ ಭಿ ದೋ ಯಾರೋ’ (1983) ನಗಿಸ್ತಾ ಹೊಡೆಯುತ್ತೆ, ಬಿಲ್ಡರು, ಕಮಿಷನರು, ಬೀಳೋ ಸೇತುವೆ, ಮತ್ತೆ ಆ ಕತೆಯಲ್ಲಿ ಪತ್ರಿಕೆ ಎಡಿಟರೂ ಶುದ್ಧ ಅಲ್ಲ. ಇವೆರಡೂ ಮನೆಮಂದಿ ಜೊತೆ ನೋಡ್ಬಹುದು.

ನಿಧಾನಕ್ಕೆ ಹತ್ತು ಕಂತು ನೋಡೋ ತಾಳ್ಮೆ ಇದ್ರೆ ‘ಸ್ಕ್ಯಾಮ್ 1992’. ಎಲ್ರೂ ಹಗರಣ ಮಾಡಿದ ಶೇರು ದಲ್ಲಾಳಿ ಹರ್ಷದ್ ಮೆಹ್ತಾ ಡೈಲಾಗ್ ನೆನಪಿಟ್ಕೊಂಡ್ರು, ನಾನು ಹೇಳೋದು ಅದನ್ನ ಬಯಲಿಗೆ ತಂದ ಪತ್ರಕರ್ತೆ ಸುಚೇತಾ ದಲಾಲ್ ಪಾತ್ರವನ್ನ ಹಿಡಿದು ನೋಡಿ ಅಂತ. ಬ್ಯಾಂಕ್ ರಸೀದಿ ಅಂದ್ರೇನು, ಸ್ಟೇಟ್ ಬ್ಯಾಂಕ್ ಲೆಕ್ಕದಲ್ಲಿ 500 ಕೋಟಿ ಎಲ್ಲಿ ಹೋಯ್ತು, ಇದನ್ನ ಸಾಮಾನ್ಯ ಓದುಗನಿಗೆ ಅರ್ಥ ಆಗೋ ಹಾಗೆ 1992ರ ಏಪ್ರಿಲ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಬರೆದಿದ್ದು ಅವರು. ಸೊಸೈಟಿ, ಬ್ಯಾಂಕಿನಲ್ಲಿ ಕೆಲಸ ಮಾಡೋರಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ನಟರು ಮಾಡಿದ್ದು. ಈಗ ನನ್ನ ಮನಸ್ಸಿಗೆ ಹತ್ತಿರದ ಎರಡು, ಎರಡೂ ಡಾಕ್ಯುಮೆಂಟರಿ, ಡಾಕ್ಯುಮೆಂಟರಿ ಅಂದ ಕೂಡ್ಲೆ ರಿಮೋಟ್ ತಗೋಬೇಡಿ ಮಾರಾಯ್ರೆ.

‘ಕಲೆಕ್ಟಿವ್’, 2019, ರೊಮೇನಿಯಾದ್ದು. 2015ರ ಅಕ್ಟೋಬರ್ 30ರ ರಾತ್ರಿ ಬುಕಾರೆಸ್ಟ್‌ನ ಒಂದು ಕ್ಲಬ್ಬಿಗೆ ಬೆಂಕಿ ಬೀಳುತ್ತೆ. ಒಟ್ಟು 64 ಜನ ಸತ್ರು, ಅದ್ರಲ್ಲಿ ಬೆಂಕಿಯಲ್ಲೇ ಸತ್ತವರಿಗಿಂತ ಆಮೇಲೆ ಆಸ್ಪತ್ರೆಯಲ್ಲಿ ಸತ್ತವರೇ ಜಾಸ್ತಿ. ಎಂತಕ್ಕೆ ಅಂತ ಹುಡುಕಿದ್ದು ಒಂದು ಕ್ರೀಡಾ ಪತ್ರಿಕೆ! ಫುಟ್ಬಾಲ್ ಸುದ್ದಿ ಬರೆಯೋ ಪತ್ರಿಕೆಯ ಕ್ಯಾತಾಲಿನ್ ತೊಲೊಂತಾನ್ ಮತ್ತೆ ಅವರ ಟೀಮು, ಆಸ್ಪತ್ರೆಗಳಿಗೆ ಕೊಡ್ತಿದ್ದ ಕ್ರಿಮಿನಾಶಕಕ್ಕೆ ನೀರು ಬೆರೆಸಿ ಮಾರ್ತಿದ್ರು ಅನ್ನೋದನ್ನ ಹೊರಗೆ ತರ್ತಾರೆ, ಆಪರೇಷನ್ ಥಿಯೇಟರಿನಲ್ಲೇ ಸೋಂಕು. ಯಾರನ್ನೂ ಕೂರಿಸಿ ಇಂಟರ್‌ವ್ಯೂ ಮಾಡಿಲ್ಲ, ಹಿನ್ನೆಲೆಯಲ್ಲಿ ವಿವರಣೆ ಕೊಡೋ ದನಿ ಇಲ್ಲ, ಕ್ಯಾಮೆರಾ ಮೀಟಿಂಗ್‌ನಲ್ಲಿ ಮೂಲೆಗೆ ನಿಂತು ನೋಡ್ತಾ ಇರುತ್ತೆ, ಅರ್ಧ ಆದ್ಮೇಲೆ ಹೊಸ ಆರೋಗ್ಯ ಮಂತ್ರಿಯ ಕೋಣೆಗೂ ಹೋಗುತ್ತೆ, ಪ್ರಾಮಾಣಿಕ ಮನುಷ್ಯ ಕುರ್ಚಿಯಲ್ಲಿ ಕೂತ್ರೂ ವ್ಯವಸ್ಥೆ ಅಲ್ಲಾಡದೇ ಇರೋದನ್ನ ನಾವು ಒಳಗಿಂದ ನೋಡ್ತೇವೆ. ಸೀರಿಯಸ್ ಪೇಷಂಟ್ ಆದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಆಂಬುಲೆನ್ಸ್ ಹತ್ತೋ ಜಿಲ್ಲೆ ನಮ್ಮದು, 2022ರಲ್ಲಿ ಶಿರೂರು ಟೋಲಿನಲ್ಲಿ ಆಂಬುಲೆನ್ಸ್ ಅಪಘಾತ ಆದ್ಮೇಲೆ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗಿತ್ತು, ಆ ಜಿಲ್ಲೆಯವ್ರು ಈ ಸಿನಿಮಾ ನೋಡಿ ತಣ್ಣಗೆ ಎದ್ದು ಹೋಗೋಕೆ ಆಗಲ್ಲ. ಸುಟ್ಟ ಗಾಯದ ಒಂದು ದೃಶ್ಯ ತುಂಬ ಘೋರ, ಮನಸ್ಸು ಗಟ್ಟಿ ಇಲ್ಲದವ್ರು ನೋಡ್ಬೇಡಿ, ಮನೆಯಲ್ಲಿ ಯಾರಾದ್ರೂ ಆಸ್ಪತ್ರೆಯಲ್ಲಿದ್ರಂತೂ ಈಗ ಬೇಡವೇ ಬೇಡ.

ಇನ್ನೊಂದು ‘ರೈಟಿಂಗ್ ವಿತ್ ಫೈರ್’, 2021, ರಿಂಟು ಥಾಮಸ್ ಮತ್ತೆ ಸುಷ್ಮಿತ್ ಘೋಷ್. ಬುಂದೇಲ್‌ಖಂಡದಲ್ಲಿ 2002ರಲ್ಲಿ ಶುರುವಾದ ‘ಖಬರ್ ಲಹರಿಯಾ’ ಪತ್ರಿಕೆಯ ಹೆಣ್ಣುಮಕ್ಕಳು, ಸಿನಿಮಾದಲ್ಲಿ ಕಾಣೋರು ದಲಿತ ಮಹಿಳೆಯರು, ಪೇಪರಿನಿಂದ ಮೊಬೈಲ್ ವಿಡಿಯೋಗೆ ಬದಲಾಗೋ ಹೊತ್ತು. ಸ್ಮಾರ್ಟ್‌ಫೋನ್ ಕೈಗೆ ಬಂದ್ರೂ ಚಾರ್ಜ್ ಮಾಡೋಕೆ ಮನೆಯಲ್ಲಿ ಕರೆಂಟ್ ಇಲ್ಲದವರು ಅವರಲ್ಲಿದಾರೆ. ಅಕ್ರಮ ಗಣಿ, ಅತ್ಯಾಚಾರದ ಕೇಸಿಗೆ ಎಫ್‌ಐಆರ್ ಹಾಕದ ಠಾಣೆ, ವರದಿಗಾರ್ತಿ ಮೀರಾ ಠಾಣೆಗೆ ಹೋಗಿ ಸಿಟ್ಟು ಮಾಡದೆ ಒಂದೇ ಪ್ರಶ್ನೆಯನ್ನ ಮತ್ತೆ ಮತ್ತೆ ಕೇಳ್ತಾರೆ, ಇನ್ನೊಬ್ಬ ವರದಿಗಾರ್ತಿ ಸುನೀತಾ ಗಣಿಯ ಊರಿನವರೇ. ಸಿನಿಮಾ ತಮ್ಮ ಕೆಲಸದ ಒಂದು ಭಾಗವನ್ನ ಮಾತ್ರ ತೋರಿಸಿದೆ ಅಂತ 2022ರಲ್ಲಿ ಆ ಸಂಸ್ಥೆಯವರೇ ಹೇಳಿದ್ರು, ಅದನ್ನೂ ತಿಳ್ಕೊಂಡು ನೋಡಿ. ಆದ್ರೂ ವಾಷಿಂಗ್ಟನ್‌ನ ರಿಪೋರ್ಟರ್‌ಗೆ ಇಡೀ ಕಟ್ಟಡದಷ್ಟು ಆಫೀಸು, ವಕೀಲರು, ಎಡಿಟರ್ ಎಲ್ಲ ಬೆನ್ನಿಗೆ ಇರ್ತಾರೆ, ಜೋಯಿಡಾದಲ್ಲೋ ಸಿದ್ದಾಪುರದಲ್ಲೋ ತಿಂಗಳಿಗೆ ಅಷ್ಟಿಷ್ಟು ಸಂಭಾವನೆಗೆ ಬರೆಯೋ ತಾಲೂಕು ವರದಿಗಾರನಿಗೆ ಅದ್ಯಾವುದೂ ಇಲ್ಲ, ಅವನ ಕೆಲಸಕ್ಕೆ ಹತ್ತಿರ ಬರೋದು ಈ ಸಿನಿಮಾ ಮಾತ್ರ.

‘ಜೆಡ್’ (1969) ಬಗ್ಗೆ ಒಂದು ಮಾತು. ಗ್ರೀಸ್‌ನಲ್ಲಿ 1963ರಲ್ಲಿ ವಿರೋಧ ಪಕ್ಷದ ಸಂಸದ ಲಂಬ್ರಾಕಿಸ್ ಕೊಲೆಯಾದ ಕತೆ, ಕೋಸ್ಟಾ ಗಾವ್ರಾಸ್ ನಿರ್ದೇಶನ. ಇಲ್ಲಿ ಪತ್ರಕರ್ತನಿಗಿಂತ ಮ್ಯಾಜಿಸ್ಟ್ರೇಟ್ ಮುಖ್ಯ, ಹಾಗಾಗಿ ಈ ಸಾಲಿಗೆ ಪೂರ್ತಿ ಸೇರಲ್ಲ, ಆದ್ರೆ ವೇಗ ಅಂದ್ರೆ ವೇಗ. ‘ಸ್ಟೇಟ್ ಆಫ್ ಪ್ಲೇ’ ನೋಡೋದಾದ್ರೆ 2009ರ ಅಮೆರಿಕದ ಸಿನಿಮಾ ಬಿಟ್ಟು 2003ರ ಬಿಬಿಸಿಯ ಆರು ಕಂತಿನದ್ದನ್ನೇ ನೋಡಿ, ಸಿನಿಮಾದಲ್ಲಿ ಅರ್ಧ ಪಾತ್ರಗಳಿಗೆ ಉಸಿರಾಡೋಕೆ ಜಾಗ ಇಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ನೋಡೋರು ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಘಟ್ಟದ ಮೇಲೆ ಗಾಳಿ ಮಳೆಗೆ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ ಅರ್ಧಕ್ಕೆ ನಿಂತ್ರೆ ಮರುದಿನ ಯಾವ ಹೆಸರು ಯಾರದ್ದು ಅಂತ ನೆನಪಿರಲ್ಲ, ಮತ್ತೆ ಮೊದ್ಲಿಂದ ಶುರು ಮಾಡ್ಬೇಕು. ಎರಡು ರಾತ್ರಿ ಬಿಡುವಿದ್ರೆ ಮೊದಲನೇ ದಿನ ‘ದ ಪೋಸ್ಟ್’ ನೋಡಿ, ಅದು ಮುಗಿಯೋದೇ ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗೋ ಗಳಿಗೆಯಲ್ಲಿ, ಮರುದಿನ ಅಲ್ಲಿಂದಲೇ ಮುಂದುವರೀಬಹುದು, ಎಡಿಟರ್ ಬ್ರಾಡ್ಲೀ ಎರಡರಲ್ಲೂ ಇದಾರೆ, ಅವರು ಯಾರು ಅಂತ ಮೊದಲೇ ಗೊತ್ತಿರೋದ್ರಿಂದ ಕಷ್ಟನೂ ಅರ್ಧ ಇಳಿಯುತ್ತೆ. ಒಂದೇ ರಾತ್ರಿ ಇದ್ರೆ, ಒಬ್ಬರೇ ಇದ್ರೆ, ‘ಸ್ಪಾಟ್‌ಲೈಟ್’. ಅಪ್ಪ ಅಮ್ಮ ಎಲ್ರೂ ಇದ್ರೆ ‘ಆಕ್ಸಿಡೆಂಟ್’. ಕಾಲೇಜಿನಲ್ಲಿ ಹಾಕೋ ಮೇಷ್ಟ್ರು ಯಾರಾದ್ರೂ ಓದ್ತಾ ಇದ್ರೆ, ಸರ್, ‘ರೈಟಿಂಗ್ ವಿತ್ ಫೈರ್’ ಹಾಕಿ, ಒಂದೂವರೆ ಗಂಟೆಯದ್ದು, ಮುಗಿದ ಮೇಲೆ ಚರ್ಚೆ ಅಂತ ಯಾರನ್ನೋ ಕರೆಸಿ ಭಾಷಣ ಮಾಡಿಸೋ ಬದಲು ಮಕ್ಕಳ ಕೈಲಿ ತಮ್ಮ ಗ್ರಾಮ ಪಂಚಾಯ್ತಿಗೆ ಒಂದೊಂದು ಆರ್‌ಟಿಐ ಅರ್ಜಿ ಬರೆಸಿ, ಫೀ 10 ರೂಪಾಯಿ, 30 ದಿನದ ಒಳಗೆ ಉತ್ತರ ಕೊಡ್ಬೇಕು ಅಂತ ಕಾನೂನಿದೆ.